ಕಾರ್ಡಿನ ಸಾಲ ಮೊದಲು, ಮನೆಸಾಲ ಆಮೇಲೆ

ಸಾಲ ಮಾಡಿ ನವಿ ಮುಂಬಯಿಯ ಕಾಮೋಠೆಯಲ್ಲಿ ಫ್ಲ್ಯಾಟ್ ಕೊಂಡವರ ತಿಂಗಳ ಲೆಕ್ಕ ಎರಡು ತಾರೀಖುಗಳ ಸುತ್ತ ತಿರುಗುತ್ತದೆ. ಒಂದು, ಮನೆಸಾಲದ ಕಂತು ಖಾತೆಯಿಂದ ಹೋಗುವ ದಿನ. ಇನ್ನೊಂದು, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಲು ಕೊನೆಯ ದಿನ. ಕಾರ್ಡನ್ನು ಬಳಸಿ ಮನೆಸಾಲದ ಬಡ್ಡಿ ಇಳಿಸಬಹುದು ಎಂಬ ಸಲಹೆ ಈಗ ಫೋನಿನ ವಿಡಿಯೊಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕಾರ್ಡಿನ ಮೇಲೆ ಕಡಿಮೆ ಬಡ್ಡಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ, ಆ ದುಡ್ಡನ್ನು ಮನೆಸಾಲದ ಅಸಲಿಗೆ ಕಟ್ಟಿ, ವರ್ಷಗಟ್ಟಲೆ ಬಡ್ಡಿ ಉಳಿಸಿ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಬ್ಯಾಂಕುಗಳ ದರದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಏಕೆ ಕೂಡಿಬರುವುದಿಲ್ಲ ಎಂದು ಮೊದಲು ಅಂಕಿಯಲ್ಲೇ ನೋಡಿ, ಆಮೇಲೆ ಬಡ್ಡಿ ನಿಜವಾಗಿ ಇಳಿಯುವ ದಾರಿಗೆ ಬರೋಣ.

ಈ ಉಪಾಯ ನಡೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಕಾರ್ಡ್ ಕಂಪನಿಗಳು ಹೊಸ ಗ್ರಾಹಕರನ್ನು ಸೆಳೆಯಲು ವರ್ಷಕ್ಕೂ ಮೀರಿದ ಅವಧಿಗೆ ಶೂನ್ಯ ಬಡ್ಡಿ ಕೊಟ್ಟ ಕಾಲವಿತ್ತು. ಆ ದುಡ್ಡನ್ನು ಮನೆಸಾಲಕ್ಕೆ ಜೋಡಿಸಿದ ಉಳಿತಾಯ ಖಾತೆಯಲ್ಲಿ ಇಟ್ಟರೆ, ಅಷ್ಟು ಮೊತ್ತಕ್ಕೆ ಮನೆಸಾಲದ ಬಡ್ಡಿ ಬೀಳುತ್ತಿರಲಿಲ್ಲ. ಅವಧಿ ಮುಗಿಯುವ ಮುಂಚೆ ತೆಗೆದು ಕಾರ್ಡಿಗೆ ವಾಪಸ್ ಕಟ್ಟುತ್ತಿದ್ದರು. ಸ್ಟೂಜಿಂಗ್ ಎಂದು ಅದಕ್ಕೊಂದು ಹೆಸರೂ ಇದೆ. ನಮ್ಮಲ್ಲಿ ಕಾರ್ಡಿನ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದರೆ ಒಂದು ಬ್ಯಾಂಕಿನ ಕಾರ್ಡಿನಲ್ಲಿರುವ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವುದು, ಅಷ್ಟೆ. ಹೊಸ ಬ್ಯಾಂಕ್ ದುಡ್ಡನ್ನು ಹಳೆಯ ಕಾರ್ಡಿನ ಲೆಕ್ಕಕ್ಕೆ ಕಳಿಸುತ್ತದೆ. ಮನೆಸಾಲದ ಖಾತೆಗೆ ಹೋಗುವ ದಾರಿ ಅದರಲ್ಲಿಲ್ಲ. ಆದ್ದರಿಂದ ಇಲ್ಲಿ ಈ ಸಲಹೆ ಪಾಲಿಸಲು ಹೊರಟವರು ಕಡೆಗೆ ಹಿಡಿಯುವುದು ಕಾರ್ಡಿನ ಮೇಲೆ ಬ್ಯಾಂಕ್ ಕೊಡುವ ಕಂತಿನ ಸಾಲವನ್ನು.

ಅದರ ಲೆಕ್ಕ ನೋಡಿ. ಕಾರ್ಡಿನ ಮೇಲೆ 2 ಲಕ್ಷ ರೂ. ಸಾಲ, 12 ಕಂತು, ತಿಂಗಳಿಗೆ ಶೇ. 1.25 ಬಡ್ಡಿ, ಶೇ. 1 ಪ್ರೊಸೆಸಿಂಗ್ ಫೀ ಎಂದು ಇಟ್ಟುಕೊಳ್ಳೋಣ. ಕಂತು ಸುಮಾರು 18,052 ರೂ. ವರ್ಷದ ಬಡ್ಡಿ 16,620 ರೂ. ಇಲ್ಲಿಗೆ ಮುಗಿಯಲಿಲ್ಲ. ಮನೆಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ. 18 ಜಿಎಸ್‌ಟಿ ಇದೆ. ಜಾಹೀರಾತಿನಲ್ಲಿ ಎದ್ದು ಕಾಣದ ಆ ಬಾಬತ್ತು ಸುಮಾರು 2,990 ರೂ. ಫೀ ಮತ್ತು ಅದರ ಮೇಲಿನ ಜಿಎಸ್‌ಟಿ 2,360 ರೂ. ಒಟ್ಟು ಖರ್ಚು 22 ಸಾವಿರದ ಹತ್ತಿರ.

ಉಳಿತಾಯ ಎಷ್ಟು? ಮನೆಸಾಲ ಶೇ. 8.5ರಲ್ಲಿದ್ದರೆ 2 ಲಕ್ಷಕ್ಕೆ ವರ್ಷಕ್ಕೆ 17 ಸಾವಿರ ಉಳಿಯಿತು ಎಂದು ವಿಡಿಯೊದವರು ಹೇಳುತ್ತಾರೆ. ಅದು ಪೂರ್ತಿ ಲೆಕ್ಕವಲ್ಲ. ಕಾರ್ಡಿಗೆ ತಿಂಗಳು ತಿಂಗಳು ಕಟ್ಟುವ 18 ಸಾವಿರವನ್ನು ನೇರವಾಗಿ ಮನೆಸಾಲಕ್ಕೇ ಕಟ್ಟಬಹುದಿತ್ತಲ್ಲ? ಹಾಗೆ ಹೋಲಿಸಿದರೆ ಸಾಲದ ದುಡ್ಡು ನಿಮಗೆ ಕೆಲಸ ಮಾಡಿದ್ದು ಇಳಿಯುತ್ತ ಹೋದ ಬಾಕಿಯ ಮೇಲೆ ಮಾತ್ರ, ಸರಾಸರಿ 1.1 ಲಕ್ಷದ ಮೇಲೆ. ಉಳಿದದ್ದು ಸುಮಾರು 9,400 ರೂ. ಖರ್ಚಾದದ್ದು 22 ಸಾವಿರ. ಕೈಬಿಟ್ಟು ಹೋದದ್ದು 12 ಸಾವಿರಕ್ಕೂ ಹೆಚ್ಚು.

ಶೂನ್ಯ ಬಡ್ಡಿ ಎಂದು ಬಂದ ಕೊಡುಗೆಯನ್ನೂ ಹೀಗೇ ಒರೆಗೆ ಹಚ್ಚಿ. 1 ಲಕ್ಷಕ್ಕೆ ಮೂರು ತಿಂಗಳು ಬಡ್ಡಿ ಇಲ್ಲ, ಫೀ ಮಾತ್ರ ಶೇ. 3 ಎಂದುಕೊಳ್ಳಿ. ಜಿಎಸ್‌ಟಿ ಸೇರಿ ಫೀ 3,540 ರೂ. ಮನೆಸಾಲದಲ್ಲಿ ಮೂರು ತಿಂಗಳಿಗೆ ಉಳಿಯುವುದು 2,125 ರೂ. ಪೂರ್ತಿ 1 ಲಕ್ಷ ಐದು ತಿಂಗಳು ಅಲ್ಲಾಡದೆ ನಿಂತರೆ ಮಾತ್ರ ಸರಿಸಮ. ಲಾಭ ಅದಕ್ಕಿಂತ ಆಚೆ.

ಇನ್ನೊಂದು ಅಡ್ಡದಾರಿ ಬಾಯಿಂದ ಬಾಯಿಗೆ ಹರಡಿದೆ. ಪರಿಚಯದ ಅಂಗಡಿಯಲ್ಲಿ ಕಾರ್ಡ್ ಉಜ್ಜಿಸಿ, ಅಂಗಡಿಯವನಿಗೆ ಕಮಿಷನ್ ಕೊಟ್ಟು ನಗದು ತರುವುದು, ಅಥವಾ ನೆಂಟರ ಹೆಸರಿಗೆ ಬಾಡಿಗೆ ಎಂದು ಆ್ಯಪ್‌ನಲ್ಲಿ ಕಟ್ಟಿ ದುಡ್ಡು ವಾಪಸ್ ಪಡೆಯುವುದು. ಸಾಮಾನು ಕೊಳ್ಳದೆ ಕಾರ್ಡಿನಿಂದ ನಗದು ಎಬ್ಬಿಸುವುದು ಕಾರ್ಡಿನ ಷರತ್ತಿಗೆ ವಿರುದ್ಧ. ಬ್ಯಾಂಕ್ ಪತ್ತೆ ಹಚ್ಚಿದರೆ ಕಾರ್ಡ್ ನಿಲ್ಲಿಸಬಹುದು. ಎಟಿಎಂನಲ್ಲಿ ಕಾರ್ಡ್ ಹಾಕಿ ತೆಗೆದ ನಗದಿಗಂತೂ ಮೊದಲ ದಿನದಿಂದಲೇ ಬಡ್ಡಿ. ಇವುಗಳಲ್ಲಿ ಯಾವುದಕ್ಕೂ ಕೈ ಹಾಕಬೇಡಿ.

ಎರಡೂ ಸಾಲ ಇದ್ದರೆ

ಹಾಗಾದರೆ ಕಾರ್ಡಿನ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಯಾರಿಗೂ ಬೇಡವೇ? ಬೇಕು. ಕಾರ್ಡಿನಲ್ಲಿ ಈಗಾಗಲೇ ಬಾಕಿ ಹೊತ್ತುಕೊಂಡವರಿಗೆ ಬೇಕು. ಮನೆ ಕೊಂಡ ವರ್ಷ ಇಂಟೀರಿಯರ್, ಫ್ರಿಜ್, ಮಕ್ಕಳ ಶಾಲೆಯ ಫೀ, ಊರಿಗೆ ಹೋಗಿಬರುವ ಖರ್ಚು ಎಲ್ಲ ಕಾರ್ಡಿಗೆ ಬೀಳುತ್ತದೆ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಎಂದು ಬರೆದಷ್ಟನ್ನು ಕಟ್ಟಿ ಮುಂದಕ್ಕೆ ತಳ್ಳುತ್ತ ಹೋಗುತ್ತಾರೆ. ಅಲ್ಲಿ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75, ಅಂದರೆ ವರ್ಷಕ್ಕೆ ಶೇ. 36ರಿಂದ 45. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿತು. ಕಾನೂನು ಅಡ್ಡ ಬಂದು ನಿಮ್ಮ ಕಾರ್ಡಿನ ದರ ಇಳಿಸುತ್ತದೆ ಎಂಬ ಭರವಸೆ ಈಗ ಇಲ್ಲ.

ನನ್ನ ಮಾತಿನ ತಿರುಳು ಇಲ್ಲಿದೆ. ಕಾರ್ಡಿನಲ್ಲಿ ಒಂದೂವರೆ ಲಕ್ಷ ಬಾಕಿ ಇದೆ, ಬೋನಸ್ ಅಥವಾ ಚೀಟಿ ದುಡ್ಡು ಒಂದೂವರೆ ಲಕ್ಷ ಕೈಗೆ ಬಂತು. ಮನೆಸಾಲ ದೊಡ್ಡದಾಗಿ ಕಾಣುತ್ತದೆ, ಮನೆಯವರೆಲ್ಲ ಅದನ್ನೇ ಮೊದಲು ಇಳಿಸೋಣ ಎನ್ನುತ್ತಾರೆ. ಮನೆಸಾಲಕ್ಕೆ ಕಟ್ಟಿದರೆ ತಿಂಗಳಿಗೆ ಉಳಿಯುವ ಬಡ್ಡಿ ಸುಮಾರು 1,060 ರೂ. ಕಾರ್ಡಿಗೆ ಕಟ್ಟಿದರೆ, ಶೇ. 3.5ರ ದರದಲ್ಲಿ ಜಿಎಸ್‌ಟಿ ಸೇರಿ ತಿಂಗಳಿಗೆ 6,195 ರೂ. ಕಾರ್ಡಿನ ಬಾಕಿ ಇರುವಾಗ ಮನೆಸಾಲಕ್ಕೆ ಹೆಚ್ಚುವರಿ ಕಟ್ಟಿದ ಪ್ರತಿ ತಿಂಗಳೂ ಐದು ಸಾವಿರ ಸೋರಿಹೋಗುತ್ತದೆ. ಮೊದಲು ಕಾರ್ಡ್.

ಕೈಯಲ್ಲಿ ಅಷ್ಟು ದುಡ್ಡು ಇಲ್ಲದಿದ್ದರೆ ಆಗ ಬ್ಯಾಲೆನ್ಸ್ ಟ್ರಾನ್ಸ್‌ಫರ್. ಒಂದೂವರೆ ಲಕ್ಷವನ್ನು ಬೇರೆ ಬ್ಯಾಂಕಿನ ಕಾರ್ಡಿಗೆ ಸಾಗಿಸಿ, ತಿಂಗಳಿಗೆ ಶೇ. 1ರಂತೆ ಆರು ಕಂತಿನಲ್ಲಿ ತೀರಿಸಿದರೆ ಬಡ್ಡಿ, ಶೇ. 1 ಫೀ, ಎರಡರ ಜಿಎಸ್‌ಟಿ ಎಲ್ಲ ಸೇರಿ ಸುಮಾರು 8 ಸಾವಿರ. ಹಳೆಯ ಕಾರ್ಡಿನಲ್ಲೇ ಅದೇ ವೇಗದಲ್ಲಿ ತೀರಿಸಿದ್ದರೆ ಸುಮಾರು 22 ಸಾವಿರ. ಉಳಿದ 14 ಸಾವಿರವನ್ನು ಮನೆಸಾಲದ ಅಸಲಿಗೆ ಹಾಕಿ. ಕಾರ್ಡಿನ ಟ್ರಾನ್ಸ್‌ಫರ್ ನಮ್ಮಲ್ಲಿ ಮನೆಸಾಲದ ಬಡ್ಡಿ ಇಳಿಸುವುದು ಹೀಗೆ, ಹಿಂಬಾಗಿಲಿನಿಂದ.

ಟ್ರಾನ್ಸ್‌ಫರ್ ಮಾಡಿಸಿದ ಕಾರ್ಡಿನಲ್ಲಿ ಹೊಸ ಖರೀದಿ ಮಾಡಬೇಡಿ. ಬಾಕಿ ಹೊತ್ತ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಿಗದೆ ಹೋಗುವ ಸಂಭವ ಇದೆ. ಹಳೆಯ ಕಾರ್ಡ್ ಖಾಲಿಯಾಯಿತೆಂದು ಅದನ್ನು ಮತ್ತೆ ತುಂಬಿಸುವುದು ಅದಕ್ಕಿಂತ ದೊಡ್ಡ ಅಪಾಯ. ಆ ಕಾರ್ಡ್ ಬೇಡವೆನಿಸಿದರೆ ಮುಚ್ಚಿಸಿ. ಬಾಕಿ ಇಲ್ಲದ ಕಾರ್ಡನ್ನು ನೀವು ಕೇಳಿದ ಏಳು ಕೆಲಸದ ದಿನಗಳೊಳಗೆ ಬ್ಯಾಂಕ್ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ.

ಕಾರ್ಡನ್ನು ಮೊದಲು ತೀರಿಸಿ ಎನ್ನಲು ಇನ್ನೊಂದು ಗಟ್ಟಿ ಕಾರಣವಿದೆ. ಅನೇಕ ಬ್ಯಾಂಕುಗಳು ಈಗ ಮನೆಸಾಲದ ದರವನ್ನೇ ಸಿಬಿಲ್ ಸ್ಕೋರ್ ನೋಡಿ ಗೊತ್ತು ಮಾಡುತ್ತವೆ. ಕಾರ್ಡಿನ ಮಿತಿಯ ಬಹುಪಾಲು ಬಳಸಿಕೊಂಡಿದ್ದರೆ ಸ್ಕೋರ್ ಇಳಿಯುತ್ತದೆ, ಮಿತಿಯ ಮೂರನೆಯ ಒಂದು ಭಾಗದೊಳಗೆ ಇದ್ದರೆ ಒಳ್ಳೆಯದು. ಮನೆಸಾಲದ ದರ ಇಳಿಸಿಕೊಳ್ಳಲು ಅರ್ಜಿ ಹಾಕುವ ಹೊತ್ತಿನಲ್ಲೇ ಕಾರ್ಡಿನಿಂದ ಎರಡು ಲಕ್ಷ ಎತ್ತಿದವರು ತಮ್ಮ ದಾರಿಗೆ ತಾವೇ ಕಲ್ಲು ಹಾಕಿಕೊಂಡಂತೆ. ಕಾರ್ಡ್ ತೀರಿಸಿ, ಒಂದು ತಿಂಗಳು ಬಿಡಿ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಕ್ರೆಡಿಟ್ ಬ್ಯೂರೊಗಳಿಗೆ ಮಾಹಿತಿ ಕೊಡಬೇಕಾಗಿದೆ. ಪ್ರತಿ ಬ್ಯೂರೊ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಅದನ್ನು ತರಿಸಿ, ಬಾಕಿ ಶೂನ್ಯ ಎಂದು ಬಂದಿದೆಯೇ ನೋಡಿಕೊಂಡು ಮುಂದಿನ ಹೆಜ್ಜೆ ಇಡಿ.

ಸಂಬಳ ಮನೆಸಾಲದಲ್ಲಿ, ಖರ್ಚು ಕಾರ್ಡಿನಲ್ಲಿ

ಬ್ರಿಟನ್ನಿನ ಉಪಾಯಕ್ಕೆ ಹತ್ತಿರದ್ದು ನಮ್ಮಲ್ಲಿ ಒಂದಿದೆ, ಅದು ಕಾನೂನುಬದ್ಧವೂ ಹೌದು. ಓವರ್‌ಡ್ರಾಫ್ಟ್ ರೂಪದ ಮನೆಸಾಲ. ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್, ಬ್ಯಾಂಕ್ ಆಫ್ ಬರೋಡಾದ ಹೋಮ್ ಲೋನ್ ಅಡ್ವಾಂಟೇಜ್, ಸ್ಟ್ಯಾಂಡರ್ಡ್ ಚಾರ್ಟರ್ಡ್‌ನ ಹೋಮ್‌ಸೇವರ್ ಈ ಬಗೆಯವು. ಸಾಲಕ್ಕೆ ಜೋಡಿಸಿದ ಖಾತೆಯಲ್ಲಿ ಎಷ್ಟು ದುಡ್ಡು ನಿಂತಿದೆಯೋ ಅಷ್ಟರ ಮಟ್ಟಿಗೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ದುಡ್ಡು ತೆಗೆಯಲೂಬಹುದು. ಸಂಬಳ ಅಲ್ಲಿ ಬಂದು ನಿಲ್ಲಲಿ. ರೇಷನ್, ಪೆಟ್ರೋಲ್, ಕರೆಂಟ್ ಬಿಲ್ ಕಾರ್ಡಿನಲ್ಲಿ ಹೋಗಲಿ. ಕೊನೆಯ ದಿನಕ್ಕೆ ಮುಂಚೆ ಪೂರ್ತಿ ಬಿಲ್ ಕಟ್ಟಿ.

ಲಾಭ ಎಷ್ಟೆಂದು ಉತ್ಪ್ರೇಕ್ಷೆ ಮಾಡಬಾರದು. ತಿಂಗಳಿಗೆ 40 ಸಾವಿರ ಖರ್ಚು ಸರಾಸರಿ ಒಂದು ತಿಂಗಳು ತಡವಾಗಿ ಹೋದರೆ ಶೇ. 8.5ರಲ್ಲಿ ಉಳಿಯುವುದು ತಿಂಗಳಿಗೆ 283 ರೂ., ವರ್ಷಕ್ಕೆ 3,400 ರೂ. ಇಂಥ ಸಾಲಕ್ಕೆ ಸಾಮಾನ್ಯ ಮನೆಸಾಲಕ್ಕಿಂತ ದರ ಸ್ವಲ್ಪ ಹೆಚ್ಚಿರುತ್ತದೆ. ಕಾಲು ಪರ್ಸೆಂಟ್ ಹೆಚ್ಚಿದ್ದರೂ 30 ಲಕ್ಷಕ್ಕೆ ವರ್ಷಕ್ಕೆ 7,500 ರೂ. ಹೆಚ್ಚಾಯಿತು. ಅದು ಸರಿಹೋಗಲು ಸದಾ 88 ಸಾವಿರ ರೂ. ಆ ಖಾತೆಯಲ್ಲಿ ನಿಂತಿರಬೇಕು. ತುರ್ತಿಗೆಂದು ಎರಡು ಮೂರು ಲಕ್ಷ ಉಳಿತಾಯ ಖಾತೆಯಲ್ಲಿ ಇಟ್ಟಿರುವವರಿಗೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ತಿಂಗಳ ಕೊನೆಗೆ ಖಾತೆ ಬರಿದಾಗುವವರಿಗೆ ಬೇಡ. ಒಂದೇ ಒಂದು ಸಲ ಕಾರ್ಡಿನ ಬಿಲ್ ಪೂರ್ತಿ ಕಟ್ಟಲು ತಪ್ಪಿದರೆ ವರ್ಷದ 3,400 ಹೋಯಿತು.

ಬಡ್ಡಿ ಇಳಿಯುವುದು ಎಲ್ಲಿ

ಮನೆಸಾಲದ ಬಡ್ಡಿ ಇಳಿಸಬೇಕಾದರೆ ಮನೆಸಾಲದ ಪತ್ರವನ್ನೇ ತೆರೆಯಬೇಕು. ಮೊದಲ ಪ್ರಶ್ನೆ, ನಿಮ್ಮ ದರ ಯಾವುದಕ್ಕೆ ಕಟ್ಟಿದೆ? 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಿನ ಕಡೆ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಕಟ್ಟಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರ ಹೊಂದಿಸಬೇಕು. 2025ರ ಫೆಬ್ರವರಿಯಲ್ಲಿ ಶೇ. 6.50 ಇದ್ದ ರೆಪೊ ಡಿಸೆಂಬರ್ ಹೊತ್ತಿಗೆ ಶೇ. 5.25ಕ್ಕೆ ಇಳಿಯಿತು. ರೆಪೊಗೆ ಕಟ್ಟಿದ ಸಾಲದವರಿಗೆ ಆ ಇಳಿಕೆ ತಾನಾಗಿ ಬಂದಿರಬೇಕು. 2019ಕ್ಕಿಂತ ಹಳೆಯ, ಬ್ಯಾಂಕಿನದೇ ಮೂಲದರಕ್ಕೆ ಕಟ್ಟಿದ ಎಂಸಿಎಲ್‌ಆರ್ ಸಾಲದವರಿಗೆ ನಿಧಾನವಾಗಿ ಬರುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಈ ರೆಪೊ ನಿಯಮವೇ ಅನ್ವಯಿಸುವುದಿಲ್ಲ, ಅವು ತಮ್ಮದೇ ಮೂಲದರ ಇಟ್ಟುಕೊಳ್ಳುತ್ತವೆ.

ಇದು ನಮ್ಮವರಿಗೆ ನೇರವಾಗಿ ತಟ್ಟುವ ವಿಷಯ. ನವಿ ಮುಂಬಯಿಯಲ್ಲಿ ಹೋಟೆಲ್, ಕ್ಯಾಂಟೀನ್, ಕ್ಯಾಟರಿಂಗ್, ಕಳಂಬೋಲಿಯ ಟ್ರಾನ್ಸ್‌ಪೋರ್ಟ್ ಕೆಲಸದಲ್ಲಿರುವ ಅನೇಕ ಕನ್ನಡಿಗರಿಗೆ ಸಂಬಳದ ಸ್ಲಿಪ್ ಇರುವುದಿಲ್ಲ. ಮನೆ ಕೊಳ್ಳುವಾಗ ದೊಡ್ಡ ಬ್ಯಾಂಕ್ ಬೇಡ ಎಂದಿತು, ಫೈನಾನ್ಸ್ ಕಂಪನಿ ಹೆಚ್ಚಿನ ದರಕ್ಕೆ ಕೊಟ್ಟಿತು. ಆ ದರದಲ್ಲೇ ವರ್ಷಗಳು ಉರುಳುತ್ತವೆ. ಆದರೆ ಮೂರು ವರ್ಷ ಒಂದೂ ಕಂತು ತಪ್ಪದೆ ಕಟ್ಟಿದ ದಾಖಲೆ, ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೈಯಲ್ಲಿದ್ದರೆ ಅಂದು ಬೇಡ ಎಂದ ಬ್ಯಾಂಕ್ ಇಂದು ಬಾಗಿಲು ತೆರೆಯಬಹುದು. ಮತ್ತೆ ಕೇಳಲು ಸಂಕೋಚ ಬೇಡ.

ಬ್ಯಾಂಕ್ ಬದಲಿಸುವ ಮುಂಚೆ ಈಗಿನ ಬ್ಯಾಂಕಿಗೇ ಒಂದು ಪತ್ರ ಬರೆಯಿರಿ. ಹೊಸ ಗ್ರಾಹಕರಿಗೆ ರೆಪೊ ಮೇಲೆ ನೀವು ಸೇರಿಸುವ ಅಂಶ ಎಷ್ಟು, ನನಗೆ ಎಷ್ಟು ಸೇರಿಸುತ್ತಿದ್ದೀರಿ, ಅದನ್ನು ಇಳಿಸಲು ಫೀ ಎಷ್ಟು ಎಂದು ಕೇಳಿ. ಫೈನಾನ್ಸ್ ಕಂಪನಿಗಳು ಇದನ್ನು ಕನ್ವರ್ಷನ್ ಎನ್ನುತ್ತವೆ. ಒಂದು ಫೀ ಕಟ್ಟಿದರೆ ದರ ಇಳಿಯುತ್ತದೆ, ಕಾಗದಪತ್ರ ಕದಲಬೇಕಾಗಿಲ್ಲ. ಅನೇಕರ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮನೆಸಾಲವನ್ನೇ ಬೇರೆ ಬ್ಯಾಂಕಿಗೆ ಸಾಗಿಸುವುದು. ಏಜೆಂಟರ ಬಾಯಲ್ಲಿ ಇದು ಬಿಟಿ. ಫ್ಲೋಟಿಂಗ್ ದರದ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಬ್ಯಾಂಕುಗಳು ದಂಡ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿತು. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ನಿಯಮ ಇನ್ನಷ್ಟು ಸ್ಪಷ್ಟವಾಗಿದೆ. ದುಡ್ಡು ಎಲ್ಲಿಂದ ತಂದಿರಿ ಎಂದು ಕೇಳುವಂತಿಲ್ಲ, ಇಷ್ಟು ವರ್ಷ ಕಾಯಿರಿ ಎನ್ನುವಂತೆಯೂ ಇಲ್ಲ.

30 ಲಕ್ಷ ಬಾಕಿ, 20 ವರ್ಷ, ಶೇ. 8.5 ಎಂದರೆ ಕಂತು 26,035 ರೂ. ಮೊದಲ ಕಂತಿನಲ್ಲಿ 21,250 ರೂ. ಬಡ್ಡಿಗೇ ಹೋಗುತ್ತದೆ. ದರ ಶೇ. 7.75ಕ್ಕೆ ಇಳಿಯಿತು ಎಂದುಕೊಳ್ಳಿ. ಕಂತು 24,628 ಆಗುತ್ತದೆ ಎಂದು ಬ್ಯಾಂಕ್ ಹೇಳುತ್ತದೆ. ಅದನ್ನು ಒಪ್ಪಬೇಡಿ. ಹಳೆಯ 26,035ನ್ನೇ ಕಟ್ಟುತ್ತೇನೆ ಎನ್ನಿ. ಸಾಲ 28 ತಿಂಗಳು ಮುಂಚೆ ತೀರುತ್ತದೆ, ಸುಮಾರು 7 ಲಕ್ಷ 30 ಸಾವಿರ ರೂ. ಉಳಿಯುತ್ತದೆ. ಟ್ರಾನ್ಸ್‌ಫರ್ ಖರ್ಚು 30 ಸಾವಿರ ಬಂದರೂ ನಷ್ಟವಿಲ್ಲ. ಬ್ಯಾಂಕ್ ಬದಲಿಸಲು ಮನಸ್ಸಿಲ್ಲದವರು ಅದೇ ಶೇ. 8.5ರಲ್ಲಿ ಕಂತಿಗೆ ತಿಂಗಳಿಗೆ 2,000 ರೂ. ಸೇರಿಸಿ ಕಟ್ಟಿದರೂ 20 ವರ್ಷದ ಸಾಲ 16 ವರ್ಷ 9 ತಿಂಗಳಿಗೆ ಮುಗಿದು ಸುಮಾರು 6 ಲಕ್ಷ ಉಳಿಯುತ್ತದೆ.

ಬಿಟಿಯಲ್ಲಿ ಎರಡು ಕಡೆ ಜನ ಜಾರುತ್ತಾರೆ. ಮೊದಲನೆಯದು ಅವಧಿ. 15 ವರ್ಷ ಉಳಿದಿರುವ 30 ಲಕ್ಷದ ಸಾಲಕ್ಕೆ ಶೇ. 8.5ರಲ್ಲಿ ಇನ್ನು ಕಟ್ಟಬೇಕಾದ ಬಡ್ಡಿ 23 ಲಕ್ಷ 18 ಸಾವಿರದಷ್ಟು. ಹೊಸ ಬ್ಯಾಂಕ್ ಶೇ. 7.75ಕ್ಕೆ ಕೊಟ್ಟು ಅವಧಿಯನ್ನು ಮತ್ತೆ 20 ವರ್ಷ ಮಾಡಿದರೆ ಬಡ್ಡಿ 29 ಲಕ್ಷ 11 ಸಾವಿರವಾಗುತ್ತದೆ. ದರ ಇಳಿಯಿತು, ಕಂತು ಸುಮಾರು ಐದು ಸಾವಿರ ಇಳಿಯಿತು, ಆದರೆ ಮನೆಯಿಂದ ಹೋಗುವ ದುಡ್ಡು ಆರು ಲಕ್ಷದಷ್ಟು ಹೆಚ್ಚಾಯಿತು. ಉಳಿದ ತಿಂಗಳು ಎಷ್ಟೋ ಅಷ್ಟೇ ತಿಂಗಳು ಬೇಕೆಂದು ಅರ್ಜಿಯಲ್ಲೇ ಬರೆಯಿರಿ.

ಎರಡನೆಯದು ಅದೇ ಮನೆಯ ಮೇಲೆ ಕೊಡುವ ಹೆಚ್ಚುವರಿ ಸಾಲ, ಟಾಪ್‌ಅಪ್. ಬಿಟಿ ಜೊತೆಗೆ ಟಾಪ್‌ಅಪ್ ತಗೊಳ್ಳಿ, ಕಾರ್ಡಿನ ಬಾಕಿ ಅದರಲ್ಲೇ ತೀರಿಸಿ ಎಂದು ಏಜೆಂಟ್ ಹೇಳುತ್ತಾರೆ. ದರ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ, ನಿಜ. ಆದರೆ ಒಂದೂವರೆ ಲಕ್ಷವನ್ನು ಶೇ. 9ರಲ್ಲಿ 15 ವರ್ಷ ಕಟ್ಟಿದರೆ ಬಡ್ಡಿಯೇ 1 ಲಕ್ಷ 24 ಸಾವಿರ. ಮುಖ್ಯವಾಗಿ, ಕಾರ್ಡಿನ ಸಾಲಕ್ಕೆ ಮನೆ ಅಡವಿರಲಿಲ್ಲ, ಟಾಪ್‌ಅಪ್‌ಗೆ ಮನೆಯೇ ಅಡವು. 90 ದಿನ ಕಂತು ನಿಂತು ಸಾಲ ಕೆಟ್ಟ ಸಾಲದ ಪಟ್ಟಿಗೆ ಸೇರಿ ಎನ್‌ಪಿಎ ಆದರೆ, 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸ್ ಕೊಟ್ಟು ಬ್ಯಾಂಕ್ ಮನೆಯ ಮೇಲೆ ಕೈ ಇಡಬಹುದು. ಟಾಪ್‌ಅಪ್ ತಗೊಳ್ಳಲೇಬೇಕಾದರೆ ಎರಡು ಮೂರು ವರ್ಷದ ಅವಧಿಗೆ ತಗೊಳ್ಳಿ.

ಕಾಮೋಠೆಯ ಕಾಗದಪತ್ರ

ದರ ಒಪ್ಪಿಗೆಯಾದ ಮೇಲೂ ಕಾಮೋಠೆಯಲ್ಲಿ ಫೈಲು ನಿಲ್ಲುವುದು ಕಾಗದದಲ್ಲಿ. ಇಲ್ಲಿನ ಜಮೀನು ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಕೊಟ್ಟದ್ದು, ಸಾಮಾನ್ಯವಾಗಿ 60 ವರ್ಷದ ಲೀಸ್ ಮೇಲೆ. ಫ್ಲ್ಯಾಟನ್ನು ಹೊಸ ಬ್ಯಾಂಕಿಗೆ ಅಡವಿಡಲು ಸಿಡ್ಕೊದ ಎನ್‌ಓಸಿ, ಸೊಸೈಟಿಯ ಎನ್‌ಓಸಿ ಕೇಳುತ್ತಾರೆ. ಸಿಡ್ಕೊ ಕಚೇರಿ ಬೇಲಾಪುರದಲ್ಲಿ. ಅಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿಕೊಂಡೇ ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಪಡೆಯಿರಿ, ಏಕೆಂದರೆ ಆ ಪತ್ರಕ್ಕೂ ಗಡುವು ಇರುತ್ತದೆ.

ಕಾಮೋಠೆಯ ಅನೇಕ ಕಟ್ಟಡಗಳು ಸಾಡೆಬಾರಾ ಟಕ್ಕೆ ಪ್ಲಾಟಿನ ಮೇಲೆ ನಿಂತಿವೆ. ಜಮೀನು ಕಳೆದುಕೊಂಡ ಊರಿನವರಿಗೆ ಸಿಡ್ಕೊ ಶೇ. 12.5ರ ಲೆಕ್ಕದಲ್ಲಿ ವಾಪಸ್ ಕೊಟ್ಟ ಪ್ಲಾಟುಗಳು ಇವು. ಮೂಲ ರೈತನಿಂದ ಬಿಲ್ಡರ್ ಹೆಸರಿಗೆ ಬಂದ ತ್ರಿಪಕ್ಷ ಒಪ್ಪಂದ, ವಾರಸುದಾರರ ಸಹಿ, ಎಲ್ಲವನ್ನೂ ಹೊಸ ಬ್ಯಾಂಕಿನ ವಕೀಲರು ಮೊದಲಿನಿಂದ ನೋಡುತ್ತಾರೆ. ಆಕ್ಯುಪೆನ್ಸಿ ಸರ್ಟಿಫಿಕೇಟ್ ಇಲ್ಲದ ಕಟ್ಟಡವಾದರೆ ದೊಡ್ಡ ಬ್ಯಾಂಕುಗಳು ಹಿಂಜರಿಯುತ್ತವೆ. ಹಾಗಿರುವವರು ಪ್ರೊಸೆಸಿಂಗ್ ಫೀ ಕಟ್ಟುವ ಮುಂಚೆಯೇ, ನಿಮ್ಮ ಕಟ್ಟಡದ ಬೇರೆ ಫ್ಲ್ಯಾಟಿಗೆ ಆ ಬ್ಯಾಂಕ್ ಸಾಲ ಕೊಟ್ಟಿದೆಯೇ ಎಂದು ಸೊಸೈಟಿಯ ಸೆಕ್ರೆಟರಿಯವರನ್ನು ಕೇಳಿ. ಒಂದು ಫೋನಿನಲ್ಲಿ ತಿಳಿಯುವ ಸಂಗತಿಗೆ ಫೀ ಕಳೆದುಕೊಳ್ಳಬೇಕಾಗಿಲ್ಲ.

ಖರ್ಚಿನ ಪಟ್ಟಿಯನ್ನು ಬರಹದಲ್ಲಿ ತಗೊಳ್ಳಿ. ಪ್ರೊಸೆಸಿಂಗ್ ಫೀ, ವಕೀಲರ ಮತ್ತು ಮೌಲ್ಯಮಾಪನದ ಫೀ, ಸ್ಟ್ಯಾಂಪ್ ಡ್ಯೂಟಿ, ಸಿಡ್ಕೊ ಎನ್‌ಓಸಿ ಖರ್ಚು ಎಲ್ಲ ಅದರಲ್ಲಿರಲಿ. ಮಹಾರಾಷ್ಟ್ರದಲ್ಲಿ ಮೂಲಪತ್ರ ಇಟ್ಟು ಪಡೆದ ಸಾಲದ ಬಗ್ಗೆ ಸಬ್ ರಿಜಿಸ್ಟ್ರಾರ್‌ಗೆ 30 ದಿನದೊಳಗೆ ನೋಟಿಸ್ ಆಫ್ ಇಂಟಿಮೇಷನ್ ಸಲ್ಲಿಸಬೇಕು. ಬ್ಯಾಂಕ್ ನೋಡಿಕೊಳ್ಳುತ್ತದೆ ಎಂದು ಬಿಡಬೇಡಿ, ಅದು ಸಾಲಗಾರನ ಹೊಣೆ. ರಸೀದಿ ನಿಮ್ಮ ಕೈಯಲ್ಲಿರಲಿ.

ಹಳೆಯ ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ದಾಖಲೆಗಳನ್ನು ಬಿಟ್ಟುಕೊಡಬೇಕು, ತಪ್ಪು ತನ್ನದಾಗಿ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ, ಫೈನಾನ್ಸ್ ಕಂಪನಿಗಳಿಗೂ ಅನ್ವಯಿಸುತ್ತದೆ. ಫೋರ್‌ಕ್ಲೋಷರ್ ಪತ್ರದ ಜೊತೆಗೆ ಹಳೆಯ ಬ್ಯಾಂಕಿನಿಂದ ದಾಖಲೆಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ. ನೋಂದಾಯಿತ ಅಗ್ರಿಮೆಂಟ್, ಇಂಡೆಕ್ಸ್ 2, ಮುಂಚಿನ ಮಾಲೀಕರ ಅಗ್ರಿಮೆಂಟುಗಳು, ಸಿಡ್ಕೊ ಪತ್ರಗಳು, ಸೊಸೈಟಿಯ ಷೇರು ಸರ್ಟಿಫಿಕೇಟ್ ಒಂದೊಂದೂ ಅದರಲ್ಲಿರಬೇಕು. ಪತ್ರಗಳು ಹೊಸ ಬ್ಯಾಂಕಿಗೆ ಸೇರಿದ ದಿನ ಅದೇ ಪಟ್ಟಿಯನ್ನು ಮುಂದಿಟ್ಟು, ಪ್ರತಿ ಸಾಲಿನ ಎದುರು ತಲುಪಿದೆ ಎಂದು ಬರೆಸಿ ಸೀಲು ಹಾಕಿಸಿಕೊಳ್ಳಿ.